ಪುರಸಭೆಯ ಖರೀದಿಯೂ ಊರಿನ ಕಸುಬುದಾರರೂ

ಒಂದು ಸಾಧಾರಣ ಪಟ್ಟಣದ ಪುರಸಭೆಯು ವರ್ಷವೊಂದರಲ್ಲಿ ಏನೇನನ್ನು ಕೊಳ್ಳುತ್ತದೆಂಬುದನ್ನು ನಮ್ಮ ವಾಚಕ ಮಹಾಶಯರು ಎಂದಾದರೂ ಎಣಿಸಿ ನೋಡಿರುವರೇ? ಬೀದಿಯ ದೀಪಗಳು, ನೀರೆತ್ತುವ ಪಂಪುಗಳ ಬಿಡಿಭಾಗಗಳು, ಬ್ಲೀಚಿಂಗ್ ಪುಡಿ, ಪೊರಕೆ, ಬುಟ್ಟಿ, ಸಲಿಕೆ, ಕಸದ ತಳ್ಳುಗಾಡಿ, ಪೌರಕಾರ್ಮಿಕರ ಸಮವಸ್ತ್ರ, ಚರಂಡಿಯ ಮೇಲೆ ಹಾಸತಕ್ಕ ಕಲ್ಲುಚಪ್ಪಡಿ, ಕಚೇರಿಯ ಮೇಜು ಕುರ್ಚಿ ಕಪಾಟು, ರಶೀದಿ ಪುಸ್ತಕ, ತೆರಿಗೆಯ ನಮೂನೆಗಳು, ಸಭೆಯ ದಿನದ ಚಹಾ ಉಪಾಹಾರ. ಇದಲ್ಲದೆ ಗಟಾರದ ದುರಸ್ತಿ, ಶಾಲೆಯ ಗೋಡೆಗೆ ಸುಣ್ಣ ಬಣ್ಣ, ಉದ್ಯಾನದ ಬೇಲಿ ಮೊದಲಾದ ನೂರಾರು ಚಿಕ್ಕ ಕಾಮಗಾರಿಗಳು. ಇವುಗಳಲ್ಲಿ ಬಹುಪಾಲನ್ನು ಅದೇ ಊರಿನ ಬಡಗಿ, ಕಮ್ಮಾರ, ಸಿಂಪಿಗ, ಗಾರೆಯವ, ಮುದ್ರಕ, ವಿದ್ಯುತ್ ಕೆಲಸದವರು ಮಾಡಿಕೊಡಬಲ್ಲರು. ಇವುಗಳಿಗೆ ತಗಲುವ ಹಣದಲ್ಲಿಯೂ ಗಣನೀಯ ಭಾಗವು ಅದೇ ಊರಿನವರು ಮನೆಯ ಕಂದಾಯವಾಗಿಯೂ ನೀರಿನ ತೆರಿಗೆಯಾಗಿಯೂ ಕಟ್ಟಿದುದು. ಹೀಗಿರುವಲ್ಲಿ, ಮೇಜು ಕುರ್ಚಿಗಳು ಮೂರು ಜಿಲ್ಲೆಗಳನ್ನು ದಾಟಿ ಲಾರಿಯಲ್ಲಿ ಬಂದಿಳಿಯುವುದನ್ನು ಊರಿನ ಬಡಗಿಯು ತನ್ನ ಅಂಗಡಿಯ ಕಟ್ಟೆಯ ಮೇಲೆ ಕುಳಿತು ನೋಡತಕ್ಕ ಪ್ರಸಂಗವು ಏಕೆ ಬರುತ್ತದೆ?

ಈ ಪ್ರಶ್ನೆಯನ್ನು ನಾವು ಕೇಳಿದಾಗಲೆಲ್ಲ ಎರಡೇ ಉತ್ತರಗಳು ಬರುತ್ತವೆ. ಕಸುಬುದಾರನನ್ನು ಕೇಳಿದರೆ, "ಅದೆಲ್ಲ ಮೊದಲೇ ಗೊತ್ತಾಗಿರುತ್ತದೆ ಸ್ವಾಮಿ, ನಮ್ಮಂಥವರಿಗೆ ಅಲ್ಲಿ ಏನು ಕೆಲಸ?" ಎನ್ನುತ್ತಾನೆ. ಅಧಿಕಾರಿಯನ್ನು ಕೇಳಿದರೆ, "ಊರಿನವರು ಟೆಂಡರು ಹಾಕುವುದೇ ಇಲ್ಲ, ಹಾಕಿದರೂ ಕಾಗದಪತ್ರ ಸರಿಯಿರುವುದಿಲ್ಲ" ಎನ್ನುತ್ತಾರೆ. ಹಿತ್ತಲ ಗಿಡ ಮದ್ದಲ್ಲವೆಂಬ ಗಾದೆಯನ್ನು ಹೇಳಿ ಅಧಿಕಾರಿವರ್ಗವನ್ನು ಹಳಿಯುವುದು ನಮಗೂ ಸುಲಭವೇ. ಆದರೆ ವಿಷಯವನ್ನು ಹತ್ತಿರದಿಂದ ನೋಡಿದ ಮೇಲೆ ಎರಡು ಉತ್ತರಗಳಲ್ಲಿಯೂ ಅರ್ಧರ್ಧ ಸತ್ಯವಿದೆಯೆಂದು ನಮಗೆ ತೋರಿದೆ. ಮತ್ತು ಎರಡನೆಯ ಅರ್ಧವು ನಮ್ಮ ಕೈಯಲ್ಲಿರತಕ್ಕದ್ದಾದುದರಿಂದ ಅದನ್ನೇ ಮೊದಲು ಹೇಳುವುದು ಉಚಿತವು.

ಪರರ ಮಾತೇಕೆ, ನಮ್ಮದೇ ಅನುಭವವನ್ನು ಹೇಳುವೆವು. ಈ ಪತ್ರಿಕೆಯ ಮುದ್ರಣಾಲಯದಲ್ಲಿ ಹೊರಗಿನ ಕೆಲಸವನ್ನೂ ಮಾಡಿಕೊಡುವ ವಾಡಿಕೆಯುಂಟು. ಕೆಲವು ವರ್ಷಗಳ ಹಿಂದೆ ಒಂದು ಸ್ಥಳೀಯ ಸಂಸ್ಥೆಯವರು ರಿಜಿಸ್ಟರುಗಳು ಮತ್ತು ರಶೀದಿ ಪುಸ್ತಕಗಳ ಮುದ್ರಣಕ್ಕೆ ಟೆಂಡರು ಕರೆದರು. ಕಾಗದದ ಬೆಲೆ, ಶಾಯಿ, ರಟ್ಟು, ದಾರ, ಆಳಿನ ಕೂಲಿ ಎಲ್ಲವನ್ನೂ ನಮ್ಮ ಬೈಂಡರನು ಮೂರು ದಿವಸ ಕುಳಿತು ಲೆಕ್ಕ ಹಾಕಿದನು. ದರವು ನ್ಯಾಯವಾಗಿತ್ತು. ಕಡೆಯ ದಿವಸ ಸಾಯಂಕಾಲ ಗಣಕಯಂತ್ರದ ಮುಂದೆ ಕುಳಿತು ಸಹಿ ಹಾಕಹೋದರೆ, ನಮ್ಮ ಡಿಜಿಟಲ್ ಸಹಿಯ ಅವಧಿಯು ಹನ್ನೊಂದು ದಿವಸಗಳ ಹಿಂದೆಯೇ ಮುಗಿದುಹೋಗಿತ್ತು. ಹೊಸದನ್ನು ಪಡೆಯುವಷ್ಟರಲ್ಲಿ ಟೆಂಡರಿನ ವೇಳೆ ಮೀರಿತು. ಕೆಲಸವು ದೂರದ ಊರಿನ ಒಬ್ಬ ವ್ಯಾಪಾರಿಗೆ ಹೋಯಿತು. ಆತನಿಗೆ ಮುದ್ರಣಾಲಯವೇ ಇಲ್ಲ. ಹದಿನೈದು ದಿವಸಗಳ ಮೇಲೆ ಆತನು ನಮ್ಮಲ್ಲಿಗೇ ಬಂದು, ಆ ರಿಜಿಸ್ಟರುಗಳ ಒಂದು ಭಾಗವನ್ನು ನಮ್ಮಿಂದಲೇ ಅಚ್ಚು ಹಾಕಿಸಿಕೊಂಡು ಹೋದನು. ನಾವು ಟೆಂಡರಿನಲ್ಲಿ ಕಾಣಿಸಬೇಕೆಂದಿದ್ದ ದರಕ್ಕಿಂತ ಕಡಿಮೆಗೆ! ಯಂತ್ರವನ್ನು ಖಾಲಿ ನಿಲ್ಲಿಸುವುದಕ್ಕಿಂತ ಲೇಸೆಂದು ನಾವೂ ಒಪ್ಪಿದೆವು. ಇದರಲ್ಲಿ ಆ ಸಂಸ್ಥೆಯ ದೋಷವಿಲ್ಲ, ಆ ವ್ಯಾಪಾರಿಯ ದೋಷವೂ ಇಲ್ಲ. ಆತನ ಬಳಿ ನಮ್ಮಲ್ಲಿಲ್ಲದ ಒಂದೇ ಒಂದು ವಸ್ತುವಿತ್ತು: ಕಾಗದಪತ್ರಗಳ ತಾರೀಖುಗಳನ್ನು ನೋಡುವುದಕ್ಕೆಂದೇ ನೇಮಿಸಲ್ಪಟ್ಟ ಒಬ್ಬ ಗುಮಾಸ್ತ.

ಸರ್ಕಾರಿ ಗುತ್ತಿಗೆಯನ್ನು ಗೆಲ್ಲುವ ವಿದ್ಯೆಯ ಮೊದಲನೆಯ ಅರ್ಧವು ಇಷ್ಟೇ ಎಂದರೆ ಕೆಲವರಿಗೆ ನಗು ಬರಬಹುದು. ಆದರೆ ಕಾನೂನನ್ನು ಓದಿದರೆ ನಗು ನಿಲ್ಲುವುದು. ನೆರೆಯ ತಮಿಳುನಾಡಿನವರು ೧೯೯೮ರಲ್ಲಿ ಟೆಂಡರುಗಳ ಪಾರದರ್ಶಕತೆಗೆ ಕಾನೂನು ಮಾಡಿದರು. ಮರುವರ್ಷವೇ ನಮ್ಮಲ್ಲಿ ಕರ್ನಾಟಕ ಸಾರ್ವಜನಿಕ ಸಂಗ್ರಹಣೆಗಳಲ್ಲಿ ಪಾರದರ್ಶಕತೆಯ ಅಧಿನಿಯಮ, ೧೯೯೯ ಆಯಿತು. ಸರ್ಕಾರದ ಇಲಾಖೆಗಳಿಗೆ ಮಾತ್ರವಲ್ಲದೆ ನಗರಸಭೆ, ಪುರಸಭೆ, ಪಂಚಾಯತಿಗಳಿಗೂ ಅದು ಅನ್ವಯಿಸುತ್ತದೆ. ಟೆಂಡರಿಲ್ಲದೆ ಕೊಳ್ಳಕೂಡದು, ಷರತ್ತುಗಳನ್ನು ಪೂರೈಸಿ ಅರ್ಹರೆನಿಸಿದವರೊಳಗೆ ಯಾರ ದರವು ಕನಿಷ್ಠವೋ ಅವರಿಗೆ ಕೊಡತಕ್ಕದ್ದು: ಇದು ಅದರ ತಿರುಳು. "ಅರ್ಹರೆನಿಸಿದವರೊಳಗೆ" ಎಂಬ ಮಾತನ್ನು ಕಸುಬುದಾರರು ಎರಡು ಸಾರಿ ಓದಬೇಕು. ಎರಡು ಲಕೋಟೆಯ ಪದ್ಧತಿಯಲ್ಲಿ ಮೊದಲು ತೆರೆಯುವುದು ದಾಖಲೆಗಳ ಲಕೋಟೆಯನ್ನು. ಅದರಲ್ಲಿ ತಪ್ಪಿದವನ ದರದ ಲಕೋಟೆಯನ್ನು ಯಾರೂ ಬಿಚ್ಚುವುದಿಲ್ಲ. ಊರಿಗೆಲ್ಲ ಅಗ್ಗವಾದ ದರವು ಅದರೊಳಗೆ ಇದ್ದರೂ ಅದು ಮುಚ್ಚಿದ ಪೆಟ್ಟಿಗೆಯೊಳಗಿನ ಚಿನ್ನವೇ ಸರಿ.

ನಮ್ಮ ತಂದೆಯವರ ಕಾಲದಲ್ಲಿ ಟೆಂಡರಿನ ನೋಟೀಸನ್ನು ಕಚೇರಿಯ ಬಾಗಿಲ ಹಿಂದುಗಡೆ ಅಂಟಿಸಿ, ಬಾಗಿಲನ್ನು ತೆರೆದಿಡುತ್ತಿದ್ದರಂತೆ! ಈಗ ಆ ಚಾತುರ್ಯಕ್ಕೆ ಅವಕಾಶವು ಕಡಿಮೆ. ೨೦೦೭ರಿಂದ ನಮ್ಮ ರಾಜ್ಯದಲ್ಲಿ ವಿದ್ಯುನ್ಮಾನ ಟೆಂಡರಿನ ಪದ್ಧತಿಯು ಬೆಳೆದುಬಂದು, ಇಂದು ಕರ್ನಾಟಕ ಸಾರ್ವಜನಿಕ ಸಂಗ್ರಹಣಾ ಪೋರ್ಟಲ್ ಎಂಬ ಒಂದೇ ಜಾಲತಾಣದಲ್ಲಿ ನೋಟೀಸುಗಳನ್ನು ಯಾರು ಬೇಕಾದರೂ ನೋಡಬಹುದಾಗಿದೆ. ಊರಿನ ಬಡಗಿಗೆ ಎಷ್ಟು ಕಾಣುವುದೋ ದೂರದ ವ್ಯಾಪಾರಿಗೂ ಅಷ್ಟೇ ಕಾಣುವುದು. ಆದುದರಿಂದಲೇ ಹಳೆಯ ಗುಟ್ಟಿನ ಕಾಲಕ್ಕಿಂತ ಈ ಬಯಲಿನ ಕಾಲದಲ್ಲಿ ಸಿದ್ಧತೆಯಿಲ್ಲದವನಿಗೆ ಸೋಲು ಹೆಚ್ಚು.

ಸಿದ್ಧತೆಯೆಂದರೇನು? ಟೆಂಡರು ಪ್ರಕಟವಾದ ದಿನ ಕಾಗದಗಳನ್ನು ಹುಡುಕಲು ಆರಂಭಿಸಿದವನು ಆಗಲೇ ತಡಮಾಡಿದವನು. ಜಿ.ಎಸ್.ಟಿ. ನೋಂದಣಿ, ಪ್ಯಾನ್, ಉದ್ಯಮ್ ನೋಂದಣಿ, ಮೂರನೆಯ ದರ್ಜೆಯ ಡಿಜಿಟಲ್ ಸಹಿ, ಹಿಂದಿನ ವರ್ಷಗಳ ಆದಾಯ ತೆರಿಗೆಯ ವಿವರಪತ್ರಗಳು, ಲೆಕ್ಕಪರಿಶೋಧಕರು ಸಹಿ ಮಾಡಿದ ವಹಿವಾಟಿನ ಪತ್ರ, ಹಿಂದೆ ಮಾಡಿದ ಕೆಲಸಗಳ ಪೂರ್ಣತಾ ಪ್ರಮಾಣಪತ್ರ, ಕಾಮಗಾರಿಯಾದರೆ ಲೋಕೋಪಯೋಗಿ ಇಲಾಖೆಯಲ್ಲಿ ಗುತ್ತಿಗೆದಾರನೆಂಬ ದರ್ಜೆಯ ನೋಂದಣಿ, ವಿದ್ಯುತ್ ಕೆಲಸವಾದರೆ ಅದಕ್ಕೆ ಬೇರೆಯ ಲೈಸೆನ್ಸು: ಇವೆಲ್ಲವೂ ಒಂದು ಕಡತದಲ್ಲಿ, ಪ್ರತಿಯೊಂದರ ಮುಗಿಯುವ ತಾರೀಖಿನೊಡನೆ, ವರ್ಷವಿಡೀ ಸಿದ್ಧವಿರಬೇಕು. ಇವುಗಳಲ್ಲಿ ಪೂರ್ಣತಾ ಪ್ರಮಾಣಪತ್ರವನ್ನು ನಮ್ಮವರು ಅತ್ಯಂತ ಉಪೇಕ್ಷಿಸುತ್ತಾರೆ. ಶಾಲೆಗೆ ಇಪ್ಪತ್ತು ಬೆಂಚು ಮಾಡಿಕೊಟ್ಟು ಹಣ ತೆಗೆದುಕೊಂಡು ಬಂದವನು, "ಈತನು ಇಂತಹ ಕೆಲಸವನ್ನು ಇಷ್ಟು ಮೊತ್ತಕ್ಕೆ ತೃಪ್ತಿಕರವಾಗಿ ಮಾಡಿರುತ್ತಾನೆ" ಎಂಬ ಒಂದು ಸಾಲನ್ನು ಮುಖ್ಯೋಪಾಧ್ಯಾಯರಿಂದ ಬರೆಯಿಸಿಕೊಂಡು ಬರುವುದಿಲ್ಲ. ಎರಡು ವರ್ಷಗಳ ಮೇಲೆ ಟೆಂಡರಿನಲ್ಲಿ ಅನುಭವದ ದಾಖಲೆ ಕೇಳಿದಾಗ, ಆ ಮುಖ್ಯೋಪಾಧ್ಯಾಯರು ವರ್ಗವಾಗಿ ಹೋಗಿರುತ್ತಾರೆ.

ಅನುಭವವಿಲ್ಲದೆ ಗುತ್ತಿಗೆಯಿಲ್ಲ, ಗುತ್ತಿಗೆಯಿಲ್ಲದೆ ಅನುಭವವಿಲ್ಲ ಎಂಬ ಕೊರಗು ನಿಜವಾದುದೇ. ಅದಕ್ಕೆ ಕಾನೂನಿನಲ್ಲಿಯೇ ಒಂದು ಸಣ್ಣ ಕಿಂಡಿಯುಂಟು. ಅಧಿನಿಯಮವು ಗೊತ್ತುಮಾಡಿದ ಮೊತ್ತದೊಳಗಿನ ಚಿಕ್ಕ ಖರೀದಿಗಳನ್ನು ಟೆಂಡರಿನಿಂದ ಬಿಟ್ಟಿದ್ದಾರೆ. ಅವುಗಳಿಗೆ ಕೊಟೇಶನ್ನು, ಅಂದರೆ ದರಪಟ್ಟಿ ಕೇಳಿ ಕೊಳ್ಳುವ ರೂಢಿಯುಂಟು. ಮೊತ್ತದ ಮಿತಿಯು ತಿದ್ದುಪಡಿಗಳಿಂದ ಬದಲಾಗತಕ್ಕದ್ದಾದುದರಿಂದ ಅದನ್ನು ಕಚೇರಿಯಲ್ಲಿಯೇ ವಿಚಾರಿಸಿಕೊಳ್ಳಬೇಕು. ಆದರೆ ಕೊಟೇಶನ್ನನ್ನು ಯಾರಿಂದ ಕೇಳುವರು? ಗುಮಾಸ್ತರಿಗೆ ಗುರುತಿರುವ ಮೂವರಿಂದ. ಆ ಮೂವರಲ್ಲಿ ತಾನೊಬ್ಬನಾಗಬೇಕೆಂದು ಬಯಸುವ ಕಸುಬುದಾರನು ಲಂಚ ಕೊಡಬೇಕಾಗಿಲ್ಲ. ತಾನು ಏನು ಮಾಡಬಲ್ಲೆ, ಎಷ್ಟು ದಿನದಲ್ಲಿ ಮಾಡಬಲ್ಲೆ, ತನ್ನ ನೋಂದಣಿಯ ಸಂಖ್ಯೆಗಳೇನು ಎಂಬ ಒಂದು ಪುಟದ ಅರ್ಜಿಯನ್ನು ಬರೆದು, ಪುರಸಭೆಯ ಆವಕ ಶಾಖೆಯಲ್ಲಿ ಕೊಟ್ಟು, ಮೊಹರು ಹಾಕಿದ ಪ್ರತಿಯನ್ನು ಇಟ್ಟುಕೊಳ್ಳಬೇಕು. ಇದನ್ನು ವರ್ಷಕ್ಕೊಮ್ಮೆ ಪುರಸಭೆ, ತಾಲ್ಲೂಕು ಪಂಚಾಯತಿ, ಸರ್ಕಾರಿ ಆಸ್ಪತ್ರೆ, ವಿದ್ಯಾರ್ಥಿನಿಲಯಗಳ ಇಲಾಖೆ ಇಷ್ಟು ಕಡೆ ಮಾಡಿದವನನ್ನು ಗುಮಾಸ್ತರು ಮರೆಯಲಾರರು. ಹೀಗೆ ಬಂದ ಮೂರು ಸಣ್ಣ ಕೆಲಸಗಳೇ ಮುಂದಿನ ದೊಡ್ಡ ಟೆಂಡರಿಗೆ ಅನುಭವದ ದಾಖಲೆಯಾಗುತ್ತವೆ.

ಇನ್ನೊಂದು ಭ್ರಮೆಯನ್ನು ಇಲ್ಲಿಯೇ ತೊಡೆದುಹಾಕಬೇಕಾಗಿದೆ. ಸಣ್ಣ ಉದ್ಯಮಿಗಳಿಗೆ ಸಂಚಕಾರದ ಠೇವಣಿ, ಅಂದರೆ ಇ.ಎಂ.ಡಿ., ಮಾಫಿಯೆಂದೂ, ನೂರಕ್ಕೆ ಇಪ್ಪತ್ತೈದರಷ್ಟು ಖರೀದಿಯು ಅವರಿಂದಲೇ ಆಗಬೇಕೆಂದೂ ನಮ್ಮಲ್ಲಿ ಅನೇಕರು ನಂಬಿದ್ದಾರೆ. ಅದು ಸುಳ್ಳಲ್ಲ, ಆದರೆ ಅದು ಕೇಂದ್ರ ಸರ್ಕಾರದ ಇಲಾಖೆಗಳಿಗೂ ಉದ್ಯಮಗಳಿಗೂ ೨೦೧೨ರಲ್ಲಿ ಹೊರಟ ಆದೇಶ. ಆಗ ನೂರಕ್ಕೆ ೨೦ ಇದ್ದುದನ್ನು ೨೦೧೮ರಲ್ಲಿ ೨೫ಕ್ಕೆ ಏರಿಸಿದರು. ಅದರೊಳಗೆ ಪರಿಶಿಷ್ಟ ಜಾತಿ ಪಂಗಡಗಳ ಉದ್ಯಮಿಗಳಿಗೆ ೪, ಮಹಿಳೆಯರಿಗೆ ೩. ೩೫೮ ವಸ್ತುಗಳನ್ನು ಅತಿ ಸಣ್ಣ ಮತ್ತು ಸಣ್ಣ ಉದ್ಯಮಗಳಿಂದಲೇ ಕೊಳ್ಳಬೇಕೆಂದು ಕಾದಿರಿಸಿದರು. ರೈಲ್ವೆ, ಅಂಚೆ, ಬೆಂಗಳೂರಿನ ಕೇಂದ್ರೋದ್ಯಮಗಳು ಇವುಗಳಿಗೆ ಮಾರುವವರು ಈ ಹಕ್ಕನ್ನು ಧಾರಾಳವಾಗಿ ಕೇಳಬಹುದು. ಪುರಸಭೆಗೆ ಆ ಆದೇಶವು ತಾನಾಗಿ ಅನ್ವಯಿಸದು. ಅಲ್ಲಿ ರಾಜ್ಯದ ಕಾನೂನೂ ಆಯಾ ಟೆಂಡರಿನ ಷರತ್ತುಗಳೂ ಪ್ರಮಾಣ. ಇದನ್ನು ತಿಳಿಯದೆ ಠೇವಣಿ ಕಟ್ಟದೆ ಉದ್ಯಮ್ ಪತ್ರವನ್ನು ಲಗತ್ತಿಸಿ ತಿರಸ್ಕೃತರಾದವರು ಹಲವರು. ರಾಜ್ಯದ ಕಾನೂನು ತನ್ನದೇ ಒಂದು ಮೀಸಲಾತಿಯನ್ನು ಮಾಡಿದೆ. ೨೦೧೬ರ ತಿದ್ದುಪಡಿಯಿಂದ ೫೦ ಲಕ್ಷ ರೂಪಾಯಿಯೊಳಗಿನ ಕಾಮಗಾರಿಗಳಲ್ಲಿ ನೂರಕ್ಕೆ ೧೭.೧೫ ಪರಿಶಿಷ್ಟ ಜಾತಿಯವರಿಗೂ ೬.೯೫ ಪರಿಶಿಷ್ಟ ಪಂಗಡದವರಿಗೂ ಮೀಸಲಾದುವು. ಬಳಿಕ ಆ ಮಿತಿಯನ್ನು ಒಂದು ಕೋಟಿಗೆ ಏರಿಸಲಾಯಿತು. ಸ್ವಂತ ಕೆಲಸ ಮಾಡುವ ದಲಿತ ಗುತ್ತಿಗೆದಾರನ ಪಾಲಿಗೆ ಇದು ನಿಜವಾದ ಬಾಗಿಲು. ಬಡವನ ಹೆಸರನ್ನು ಬಾಡಿಗೆಗೆ ಪಡೆದು ಆ ಬಾಗಿಲಿನಿಂದ ಒಳನುಗ್ಗುವವರೂ ಇದ್ದಾರೆಂಬುದನ್ನು ಹೇಳಲು ನಮಗೆ ನಾಚಿಕೆಯಾಗುತ್ತದೆ.

ಈಗ ದರದ ಮಾತಿಗೆ ಬರೋಣ. ಟೆಂಡರನ್ನು ಕಳೆದುಕೊಂಡು ಕೆಟ್ಟವರಿಗಿಂತ ಗೆದ್ದು ಕೆಟ್ಟವರೇ ಹೆಚ್ಚೆಂದು ಒಬ್ಬ ಹಳೆಯ ಗುತ್ತಿಗೆದಾರರು ನಮ್ಮೊಡನೆ ಹೇಳಿದ್ದುಂಟು. ಐದು ಲಕ್ಷ ರೂಪಾಯಿಯ ಒಂದು ಚರಂಡಿಯ ಕೆಲಸವನ್ನು, ಜಿ.ಎಸ್.ಟಿ.ಯನ್ನು ಬಿಟ್ಟು, ಒಬ್ಬ ಒಂಟಿ ಗುತ್ತಿಗೆದಾರನು ಪಡೆದನೆಂದು ಇಟ್ಟುಕೊಳ್ಳಿರಿ. ಬಿಲ್ಲಿನಿಂದ ಆದಾಯ ತೆರಿಗೆಯೆಂದು ನೂರಕ್ಕೆ ೧, ಅಂದರೆ ೫,೦೦೦ ರೂಪಾಯಿ ಮುರಿದುಕೊಳ್ಳುತ್ತಾರೆ. ಗುತ್ತಿಗೆಯು ಎರಡೂವರೆ ಲಕ್ಷವನ್ನು ಮೀರಿರುವುದರಿಂದ ಜಿ.ಎಸ್.ಟಿ.ಯ ಮೂಲದ ಕಡಿತವೆಂದು ನೂರಕ್ಕೆ ೨, ಅಂದರೆ ೧೦,೦೦೦. ಕಟ್ಟಡ ಕಾರ್ಮಿಕರ ಕಲ್ಯಾಣದ ಸೆಸ್ಸು ನೂರಕ್ಕೆ ೧, ಅದು ೫,೦೦೦. ಇದಲ್ಲದೆ ಕರಾರಿನ ಪ್ರಕಾರ ಭದ್ರತೆಗೆಂದು ಹಿಡಿದಿಡುವ ಮೊತ್ತ ಬೇರೆ. ಆದಾಯ ತೆರಿಗೆಯದು ವಿವರಪತ್ರ ಸಲ್ಲಿಸಿದಾಗ ಲೆಕ್ಕಕ್ಕೆ ಬರುವುದು, ಜಿ.ಎಸ್.ಟಿ.ಯದು ಅವನ ಖಾತೆಗೆ ಜಮೆಯಾಗುವುದು; ಸೆಸ್ಸು ಹೋದದ್ದು ಹೋಯಿತು. ಆದರೆ ಕೂಲಿಯವನಿಗೆ ಶನಿವಾರ ಸಂಜೆ ಕೊಡಲು ಇವುಗಳಲ್ಲಿ ಯಾವುದೂ ಕೈಯಲ್ಲಿರುವುದಿಲ್ಲ. ಬಿಲ್ಲು ಆರು ತಿಂಗಳು ತಡವಾಯಿತೆನ್ನಿ. ನೂರಕ್ಕೆ ೧೨ರ ಬಡ್ಡಿಯಂತೆ ಐದು ಲಕ್ಷಕ್ಕೆ ೩೦,೦೦೦ ರೂಪಾಯಿ. ನೂರಕ್ಕೆ ಹತ್ತರ ಲಾಭವಿಟ್ಟು ೫೦,೦೦೦ ಗಳಿಸುವೆನೆಂದಿದ್ದವನಿಗೆ ಉಳಿದದ್ದೆಷ್ಟು? ಸೆಸ್ಸು ಕಳೆದರೆ ಹದಿನೈದು ಸಾವಿರ! ಇಷ್ಟನ್ನು ಲೆಕ್ಕ ಹಾಕದೆ, ಎದುರಾಳಿಯನ್ನು ಸೋಲಿಸುವ ಹುಮ್ಮಸ್ಸಿನಲ್ಲಿ ಅಂದಾಜಿಗಿಂತ ಬಹಳ ಕೆಳಗೆ ದರ ಹಾಕಿದವನಿಂದ ಹೆಚ್ಚುವರಿ ಭದ್ರತಾ ಠೇವಣಿಯನ್ನೂ ಕೇಳುವುದುಂಟು. ತೆರಿಗೆಯೂ ನಡುವೆ ಬದಲಾಗಬಹುದು. ಸ್ಥಳೀಯ ಸಂಸ್ಥೆಗಳ ಬಹುತೇಕ ಕಾಮಗಾರಿಗಳ ಮೇಲಿನ ಜಿ.ಎಸ್.ಟಿ.ಯು ೨೦೨೨ರ ಜುಲೈ ೧೮ರಿಂದ ನೂರಕ್ಕೆ ೧೨ರಿಂದ ೧೮ಕ್ಕೆ ಏರಿದಾಗ, ತೆರಿಗೆಯನ್ನು ಸೇರಿಸಿ ದರ ಹಾಕಿದ್ದವರು ಆ ಆರನ್ನು ಯಾರು ಭರಿಸಬೇಕೆಂದು ಕಚೇರಿಗಳಿಗೆ ಅಲೆಯಬೇಕಾಯಿತು. ತೆರಿಗೆಯು ದರದೊಳಗೆ ಸೇರಿದೆಯೇ ಬೇರೆಯೇ ಎಂಬ ಒಂದು ವಾಕ್ಯವನ್ನು ಷರತ್ತುಗಳಲ್ಲಿ ಹುಡುಕಿ ಓದದವನು ದರ ಹಾಕಬಾರದು. ಅರ್ಥವಾಗದಿದ್ದರೆ ನಿಗದಿಯಾದ ದಿನದೊಳಗೆ ಬರಹದಲ್ಲಿ ಸ್ಪಷ್ಟೀಕರಣ ಕೇಳಲು ಅವಕಾಶವಿರುತ್ತದೆ; ಕೇಳುವುದರಿಂದ ಮರ್ಯಾದೆಯೇನೂ ಹೋಗದು.

ಹಣವು ತಡವಾಗುವುದು ವಿಧಿಲಿಖಿತವೇ? ೨೦೦೬ರ ಕೇಂದ್ರ ಕಾನೂನು ಅಲ್ಲವೆನ್ನುತ್ತದೆ. ಅತಿ ಸಣ್ಣ, ಸಣ್ಣ ಮತ್ತು ಮಧ್ಯಮ ಉದ್ಯಮಗಳ ಆ ಅಧಿನಿಯಮದಂತೆ, ಅತಿ ಸಣ್ಣ ಹಾಗೂ ಸಣ್ಣ ಉದ್ಯಮದಿಂದ ಸರಕು ಅಥವಾ ಸೇವೆಯನ್ನು ಪಡೆದವನು, ಕರಾರಿನಲ್ಲಿ ಏನೇ ಬರೆದಿದ್ದರೂ, ಒಪ್ಪಿಕೊಂಡ ೪೫ ದಿನಗಳೊಳಗೆ ಹಣ ಕೊಡಬೇಕು. ತಪ್ಪಿದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು, ತಿಂಗಳು ತಿಂಗಳು ಚಕ್ರಬಡ್ಡಿ. ಫೆಸಿಲಿಟೇಶನ್ ಕೌನ್ಸಿಲ್ ಎಂಬ ಮಂಡಳಿಗೆ ಅರ್ಜಿ ಕೊಡಬಹುದು. ೨೦೧೭ರಿಂದ ಸಮಾಧಾನ್ ಎಂಬ ಜಾಲತಾಣದ ಮೂಲಕ ಮನೆಯಲ್ಲಿಯೇ ಕುಳಿತು ಕೊಡಬಹುದು. ಅಲ್ಲಿಯ ತೀರ್ಪನ್ನು ಕೋರ್ಟಿನಲ್ಲಿ ಪ್ರಶ್ನಿಸಬೇಕಾದರೆ ಖರೀದಿದಾರನು ಆ ಮೊತ್ತದ ನೂರಕ್ಕೆ ೭೫ನ್ನು ಮುಂಗಡವಾಗಿ ಠೇವಣಿಯಿಡಬೇಕು. ಇದಕ್ಕಿಂತ ಬಲವಾದ ಆಯುಧವನ್ನು ಬಡ ಉದ್ಯಮಿಯ ಕೈಯಲ್ಲಿ ಯಾವ ಕಾನೂನು ಕೊಟ್ಟಿದೆ?

ಆದರೆ ಮೂರು ಎಚ್ಚರಿಕೆಗಳಿವೆ. ಉದ್ಯಮ್ ನೋಂದಣಿಯು ಕರಾರಿಗೆ ಮೊದಲೇ ಆಗಿರಬೇಕು. ಬಾಕಿ ಬಿದ್ದ ಮೇಲೆ ಓಡಿಹೋಗಿ ನೋಂದಾಯಿಸಿದವರಿಗೆ ಸುಪ್ರೀಂ ಕೋರ್ಟು ೨೦೨೧ರಲ್ಲಿ ಈ ರಕ್ಷಣೆಯನ್ನು ಕೊಡಲಿಲ್ಲ. ಬರಿಯ ಕೊಂಡು ಮಾರುವ ವ್ಯಾಪಾರಿಗೆ ೨೦೨೧ರಿಂದ ಉದ್ಯಮ್ ಪತ್ರ ಸಿಕ್ಕುವಂತಾಯಿತಾದರೂ ಅದು ಬ್ಯಾಂಕಿನ ಆದ್ಯತೆಯ ಸಾಲಕ್ಕೆಂದು ಮಾತ್ರ. ತಯಾರಿಸುವವನಿಗೂ ಸೇವೆ ಮಾಡುವವನಿಗೂ ಇರುವ ಈ ಹಕ್ಕು ಅವನಿಗೆಂದಲ್ಲ. ಸಾಮಗ್ರಿಯೂ ಕೆಲಸವೂ ಕೂಡಿದ ಕಾಮಗಾರಿ ಗುತ್ತಿಗೆಯು ಈ ಕಾನೂನಿಗೆ ಒಳಪಡದೆಂದು ಬೊಂಬಾಯಿ ಹೈಕೋರ್ಟು ಹೇಳಿರುವುದರಿಂದ, ಚರಂಡಿ ಕಟ್ಟಿದವನು ವಕೀಲರನ್ನು ಕೇಳದೆ ಇದನ್ನೇ ನಂಬಿ ಕೂಡಲಾಗದು. ಬೆಂಚು ಮಾಡಿಕೊಟ್ಟ ಬಡಗಿಗೂ, ರಿಜಿಸ್ಟರು ಅಚ್ಚು ಹಾಕಿದ ಮುದ್ರಕನಿಗೂ ಆ ಅಡ್ಡಿಯಿಲ್ಲ.

ಹಾಗಾದರೆ ಏಕೆ ಯಾರೂ ಬಡ್ಡಿಯನ್ನು ಕೇಳುವುದಿಲ್ಲ? ಕೇಳಿದವನಿಗೆ ಮುಂದಿನ ಕೆಲಸ ಸಿಕ್ಕದೆಂಬ ಭಯ. ಈ ಭಯವನ್ನು ನಾವು ಹಗುರವಾಗಿ ಕಾಣುವುದಿಲ್ಲ. ನಾವೂ ಬಡ್ಡಿಯನ್ನು ಕೇಳಿದವರಲ್ಲ. ೨೦೨೧ರಲ್ಲಿ ರಾಜ್ಯದ ಗುತ್ತಿಗೆದಾರರ ಸಂಘದವರು ನೂರಕ್ಕೆ ನಲವತ್ತರ ಕಮಿಷನ್ನಿನ ಆರೋಪವನ್ನು ಪ್ರಧಾನಮಂತ್ರಿಗಳವರೆಗೆ ಬರೆದು ಕಳುಹಿದುದನ್ನು ನಾಡು ಮರೆತಿಲ್ಲ. ದೊಡ್ಡವರೇ ಹಾಗೆ ಮೊರೆಯಿಟ್ಟಿರುವಾಗ ಒಂಟಿ ಬಡಗಿಯು ಮಂಡಳಿಗೆ ದೂರು ಕೊಡುವನೆಂದು ನಿರೀಕ್ಷಿಸುವುದು ತಕ್ಕದ್ದಲ್ಲ. ಆದುದರಿಂದ ಈ ಕೆಲಸವನ್ನು ಊರಿನ ವಾಣಿಜ್ಯ ಸಂಘಗಳೂ ಕೈಗಾರಿಕಾ ಸಂಘಗಳೂ ವಹಿಸಿಕೊಳ್ಳಬೇಕು. ಇಂತಿಷ್ಟು ದಿನದಿಂದ ಇಂತಿಷ್ಟು ಬಿಲ್ಲುಗಳು ಬಾಕಿಯೆಂದು, ಒಬ್ಬನ ಹೆಸರನ್ನೂ ಹೇಳದೆ, ಸಂಘವು ತಿಂಗಳಿಗೊಮ್ಮೆ ಮುಖ್ಯಾಧಿಕಾರಿಗೆ ಬರೆಯಬಹುದು; ೨೦೦೫ರ ಮಾಹಿತಿ ಹಕ್ಕಿನ ಕಾನೂನಿನಂತೆ ಪಾವತಿಯ ವಹಿಯನ್ನೇ ಕೇಳಬಹುದು. ಟೆಂಡರನ್ನು ಅನ್ಯಾಯವಾಗಿ ಇನ್ನೊಬ್ಬರಿಗೆ ಒಪ್ಪಿಸಿದರೆ ೩೦ ದಿನಗಳೊಳಗೆ ಮೇಲ್ಮನವಿಗೆ ೧೯೯೯ರ ಅಧಿನಿಯಮದಲ್ಲಿಯೇ ಅವಕಾಶವಿದೆ. ಅದರ ಖರ್ಚನ್ನೂ ಸಂಘವು ಹಂಚಿಕೊಳ್ಳಬಹುದು. ವರ್ಷಕ್ಕೊಂದು ಔತಣಕೂಟವನ್ನು ಮಾಡಿ ಮಂತ್ರಿಗಳಿಗೆ ಹಾರ ಹಾಕುವುದಷ್ಟೇ ಸಂಘದ ಕೆಲಸವಲ್ಲ.

ಸಂಘಟನೆಯಿಂದ ಏನಾಗಬಹುದೆಂಬುದನ್ನು ಈ ನಾಡಿಗೆ ಹೊರಗಿನವರು ಕಲಿಸಬೇಕಾಗಿಲ್ಲ. ೧೯೦೫ರಲ್ಲಿ ಗದಗದ ಹತ್ತಿರದ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರು ಕಟ್ಟಿದ ಸಹಕಾರ ಸಂಘವು ಸುಪ್ರಸಿದ್ಧವು. ಇಂದು ನಮ್ಮ ಹೆಣ್ಣುಮಕ್ಕಳು ಅದೇ ದಾರಿಯಲ್ಲಿ ಮುಂದೆ ಹೋಗಿದ್ದಾರೆ. ಅಂಗನವಾಡಿಯ ಆಹಾರದ ಸರಬರಾಜನ್ನು ಗುತ್ತಿಗೆದಾರರಿಗೆ ಕೊಡಕೂಡದು, ಸ್ವಸಹಾಯ ಸಂಘಗಳನ್ನೂ ಮಹಿಳಾ ಮಂಡಲಗಳನ್ನೂ ಬಳಸಿಕೊಳ್ಳಬೇಕೆಂದು ಸುಪ್ರೀಂ ಕೋರ್ಟು ೨೦೦೪ರಲ್ಲಿಯೇ ಅಪ್ಪಣೆ ಮಾಡಿತು. ನಮ್ಮ ರಾಜ್ಯದ ಅನೇಕ ಗ್ರಾಮ ಪಂಚಾಯತಿಗಳಲ್ಲಿ ಕಸ ಸಂಗ್ರಹದ ಕೆಲಸವನ್ನು ಮಹಿಳಾ ಸಂಘಗಳ ಒಕ್ಕೂಟಗಳಿಗೆ ಒಪ್ಪಂದದ ಮೇಲೆ ವಹಿಸಿದ್ದಾರೆ. ವಾಹನವನ್ನು ನಡೆಯಿಸುವವರೂ ಹೆಂಗಸರೇ. ಒಬ್ಬೊಬ್ಬರಾಗಿ ಬಂದಿದ್ದರೆ ಅವರಲ್ಲಿ ಯಾರಿಗೂ ಪಂಚಾಯತಿಯ ಕರಾರು ದೊರಕುತ್ತಿರಲಿಲ್ಲ. ಹತ್ತು ಮಂದಿ ಬಡಗಿಗಳು ಒಂದು ಸಹಕಾರ ಸಂಘವಾಗಿ, ಒಂದು ಜಿ.ಎಸ್.ಟಿ. ನೋಂದಣಿ, ಒಂದು ಡಿಜಿಟಲ್ ಸಹಿ, ಅರ್ಧ ಸಂಬಳದ ಒಬ್ಬ ಗುಮಾಸ್ತನನ್ನು ಇಟ್ಟುಕೊಂಡರೆ ತಾಲ್ಲೂಕಿನ ಶಾಲೆಗಳ ಬೆಂಚುಗಳಿಗೆ ಹೊರಗಿನ ಲಾರಿ ಬೇಕಾಗದು.

ಅಧಿಕಾರಿಗಳಿಗೂ ಒಂದು ಮಾತು. ಟೆಂಡರನ್ನು ತಪ್ಪಿಸುವುದಕ್ಕಾಗಿ ಒಂದು ಕೆಲಸವನ್ನು ಚೂರು ಮಾಡುವುದು ಅಪರಾಧವೆಂಬುದು ತಮಗೆ ಗೊತ್ತಿದೆ. ಆದರೆ ಹತ್ತು ಬೀದಿಗಳ ಹತ್ತು ಚರಂಡಿಗಳನ್ನು ಒಂದೇ ಪ್ಯಾಕೇಜು ಮಾಡಿ, ಅದಕ್ಕೆ ತಕ್ಕ ವಾರ್ಷಿಕ ವಹಿವಾಟು ಬೇಕೆಂದು ಷರತ್ತು ಹಾಕಿದಾಗ, ಊರಿನ ನಾಲ್ಕನೆಯ ದರ್ಜೆಯ ಗುತ್ತಿಗೆದಾರರೆಲ್ಲರೂ ಒಂದೇ ಏಟಿಗೆ ಹೊರಗಾಗುತ್ತಾರೆ. ಒಂದೇ ಬಿಲ್ಲು, ಒಂದೇ ಕಡತ, ಒಬ್ಬನೇ ಜವಾಬ್ದಾರನೆಂಬ ಅನುಕೂಲವು ಕಚೇರಿಗೆ ಇರಬಹುದು. ಆ ದೊಡ್ಡವನು ಬಂದು ಮಾಡುವುದೇನು? ನಮ್ಮ ಮುದ್ರಣಾಲಯಕ್ಕೆ ಆ ವ್ಯಾಪಾರಿಯು ಬಂದಂತೆ, ಇದೇ ಹತ್ತು ಮಂದಿಗೆ ಇದೇ ಹತ್ತು ಚರಂಡಿಗಳನ್ನು ಒಳಗುತ್ತಿಗೆ ಕೊಡುತ್ತಾನೆ. ನಡುವೆ ಉಳಿಯುವ ಅವನ ಪಾಲು ಸಿಮೆಂಟಿನಿಂದ ಹೋಗುತ್ತದೆಯೋ ಕೂಲಿಯಿಂದ ಹೋಗುತ್ತದೆಯೋ, ಮುಂದಿನ ಮಳೆಗಾಲದಲ್ಲಿ ತಿಳಿಯುತ್ತದೆ. ಟೆಂಡರನ್ನೇ ಬಿಟ್ಟು, ಅಧಿನಿಯಮದ ನಾಲ್ಕನೆಯ ಪ್ರಕರಣದ ವಿನಾಯಿತಿಯಿಂದ ಕೆಲಸಗಳನ್ನು ನೇರವಾಗಿ ವಹಿಸುವುದೂ ಉಂಟು. ತುರ್ತಿಗೆಂದು ಇಟ್ಟ ಬಾಗಿಲು ಹೆದ್ದಾರಿಯಾಗಬಾರದು.

ಸರ್ಕಾರದ ಖರೀದಿಯನ್ನೇ ನಂಬಿ ಮನೆಯನ್ನೆಲ್ಲ ಅದರ ಮೇಲೆ ಕಟ್ಟುವವರಿಗೂ ನಾವು ಎಚ್ಚರಿಕೆ ಹೇಳಬೇಕಾಗಿದೆ. ಪರಕೀಯರ ಕಾಲದಲ್ಲಿ ಸರ್ಕಾರಿ ಸಾಮಗ್ರಿಗಳು ಲಂಡನ್ನಿನ ಮೂಲಕ ಬರುತ್ತಿದ್ದುವು. ಸ್ವದೇಶೀ ಖರೀದಿಗಾಗಿ ನಮ್ಮವರು ಹೋರಾಡಿದ ಕಾಲದಲ್ಲಿ, ೧೯೨೨ರಲ್ಲಿ, ಇಂಡಿಯನ್ ಸ್ಟೋರ್ಸ್ ಡಿಪಾರ್ಟ್‌ಮೆಂಟ್ ಹುಟ್ಟಿತು. ಅದರ ಉತ್ತರಾಧಿಕಾರಿಯಾಗಿದ್ದ ಕೇಂದ್ರದ ಇಲಾಖೆಯು ೨೦೧೭ರ ಅಕ್ಟೋಬರ್ ೩೧ರಂದು ಮುಚ್ಚಿಹೋಗಿ, ಜೆಮ್ ಎಂಬ ಅಂತರ್ಜಾಲದ ಪೇಟೆಯು ಅದರ ಸ್ಥಾನಕ್ಕೆ ಬಂದಿದೆ. ಇಲಾಖೆಗಳು ಬದಲಾಗುತ್ತವೆ, ನಿಯಮಗಳು ಅದಕ್ಕಿಂತ ಬೇಗನೆ ಬದಲಾಗುತ್ತವೆ. ಹುಬ್ಬಳ್ಳಿಯ ಬೆಂಗೇರಿಯಲ್ಲಿ ರಾಷ್ಟ್ರಧ್ವಜವನ್ನು ಸಿದ್ಧಪಡಿಸುವ ಖಾದಿ ಸಂಘವು ೧೯೫೭ರಲ್ಲಿ ಸ್ಥಾಪಿತವಾದುದು. ನೂಲುವವರು, ನೇಯುವವರು, ಹೊಲಿಯುವವರು, ಹೆಚ್ಚಾಗಿ ಹೆಂಗಸರೇ, ಅದನ್ನು ನಂಬಿದ್ದಾರೆ. ೨೦೨೧ರ ಡಿಸೆಂಬರ್ ೩೦ರಂದು ಧ್ವಜಸಂಹಿತೆಯನ್ನು ತಿದ್ದಿ, ಯಂತ್ರದಲ್ಲಿ ಮಾಡಿದ ಪಾಲಿಯೆಸ್ಟರ್ ಧ್ವಜಕ್ಕೂ ಅನುಮತಿ ಕೊಟ್ಟರು. ದೆಹಲಿಯ ಒಂದು ಪ್ಯಾರಾ ನಮ್ಮ ಹಳ್ಳಿಯ ಮಗ್ಗಕ್ಕೆ ಬಂದು ತಗಲಿತು. ಧ್ವಜವನ್ನು ಎಲ್ಲರೂ ಹಾರಿಸಲಿ. ಆದರೆ ಸರ್ಕಾರಿ ಕಚೇರಿಗಳ ಮೇಲಾದರೂ ಖಾದಿಯ ಧ್ವಜವನ್ನೇ ಕೊಂಡು ಹಾರಿಸಬೇಕೆಂಬುದು ನಮ್ಮ ಸ್ಪಷ್ಟವಾದ ಅಭಿಪ್ರಾಯವು. ಕಸುಬುದಾರನಾದರೋ ತನ್ನ ದುಡಿಮೆಯ ಅರ್ಧಕ್ಕಿಂತ ಹೆಚ್ಚನ್ನು ಒಂದೇ ಕಚೇರಿಯ ಕೈಗೆ ಕೊಡಬಾರದು.

ಈ ಪತ್ರಿಕೆಯಿಂದ ಆಗತಕ್ಕ ಸಹಾಯವನ್ನು ನಾವು ಮಾಡಲು ನಿಶ್ಚಯಿಸಿದ್ದೇವೆ. ಬರುವ ಸೋಮವಾರದಿಂದ ನಮ್ಮ ತಾಲ್ಲೂಕಿನ ಪುರಸಭೆ, ಪಂಚಾಯತಿಗಳು ಕರೆದ ಟೆಂಡರುಗಳಲ್ಲಿ ಸಣ್ಣ ಮೊತ್ತದವುಗಳ ಪಟ್ಟಿಯನ್ನು, ಕಡೆಯ ತಾರೀಖಿನೊಡನೆ, ಮೂರನೆಯ ಪುಟದಲ್ಲಿ ವಾರಕ್ಕೊಮ್ಮೆ ಪುಕ್ಕಟೆಯಾಗಿ ಮುದ್ರಿಸುವೆವು. ಪುರಸಭೆಯ ಕೊಟೇಶನ್ನಿನ ವಿಷಯಗಳನ್ನೂ ಕಳುಹಿಕೊಟ್ಟರೆ ಅವನ್ನೂ ಸೇರಿಸುವೆವು. ಈ ಬಗ್ಗೆ ಮುಖ್ಯಾಧಿಕಾರಿಗಳಿಗೆ ಪತ್ರ ಬರೆದಿದ್ದೇವೆ, ಉತ್ತರವನ್ನು ಎದುರುನೋಡುತ್ತಿದ್ದೇವೆ. ನಮ್ಮ ಬೈಂಡರನು ಡಿಜಿಟಲ್ ಸಹಿಯ ಮುಗಿಯುವ ತಾರೀಖನ್ನು ಸೀಮೆಸುಣ್ಣದಿಂದ ಯಂತ್ರದ ಎದುರಿನ ಗೋಡೆಯ ಮೇಲೆ ದೊಡ್ಡದಾಗಿ ಬರೆದಿಟ್ಟಿದ್ದಾನೆ. ಪ್ರತಿ ದಿನವೂ ಬಾಗಿಲು ತೆರೆದ ಕೂಡಲೆ ಅದನ್ನೊಮ್ಮೆ ಓದುತ್ತಾನೆ.